ಹಿಟ್ಟಿನ ಗಿರಣಿಯ ದಾಸ್ತಾನು ಲೆಕ್ಕ ತಪ್ಪಿದಾಗ: ದೋಷ ಹುಡುಕುವ ಕೈಪಿಡಿ

ತಿಂಗಳ ಲೆಕ್ಕ ಮುಗಿಸಿ ನೋಡಿದರೆ ಮೈದಾದ ಅಸಲು ಕ್ವಿಂಟಲಿಗೆ 3,900 ರೂಪಾಯಿ ದಾಟಿದೆ. ಪೇಟೆಯಲ್ಲಿ ಅದೇ ಮೈದಾ 3,200ಕ್ಕೆ ಹೋಗುತ್ತಿದೆ. ಲೆಕ್ಕ ನಿಜವಾಗಿದ್ದರೆ ಗಿರಣಿ ಇಷ್ಟು ಹೊತ್ತಿಗೆ ಬಾಗಿಲು ಹಾಕಬೇಕಿತ್ತು, ಆದರೆ ಬ್ಯಾಂಕಿನಲ್ಲಿ ಹಣ ಇದೆ. ಇನ್ನೊಂದು ಗಿರಣಿಯಲ್ಲಿ ಇದಕ್ಕೆ ತದ್ವಿರುದ್ಧ: ಪುಸ್ತಕದಲ್ಲಿ ತುಂಬು ಲಾಭ, ಗೋಧಿ ಲಾರಿ ಬಂದು ನಿಂತಾಗ ಹಣಕ್ಕೆ ಪರದಾಟ. ಮತ್ತೊಂದು ಕಡೆ ಒಂದು ತಿಂಗಳು ಲಾಭ, ಮರು ತಿಂಗಳು ನಷ್ಟ. ಗೋಧಿಯ ದರವೂ ಹಿಟ್ಟಿನ ದರವೂ ಮಾತ್ರ ಇದ್ದಲ್ಲೇ ಇವೆ.

ಈ ಮೂರೂ ಒಂದೇ ಬಗೆಯ ಕಾಯಿಲೆಯ ಲಕ್ಷಣಗಳು. ದಾಸ್ತಾನಿನ ತೂಕ ತಪ್ಪಿದೆ, ಅಥವಾ ಆ ತೂಕಕ್ಕೆ ಕಟ್ಟಿದ ಬೆಲೆ ತಪ್ಪಿದೆ. ರೋಲರ್ ಗಿರಣಿಯ ಲೆಕ್ಕವನ್ನು ವರ್ಷಗಳ ಕಾಲ ನೋಡಿಕೊಂಡ ಮೇಲೆ ನನಗೆ ಮನದಟ್ಟಾಗಿರುವ ಮಾತು ಒಂದೇ: ಮೊದಲು ತೂಕ, ಆಮೇಲೆ ಬೆಲೆ. ಬಹುಪಾಲು ಗಿರಣಿಗಳಲ್ಲಿ ಇದು ಹಿಂದುಮುಂದಾಗಿ ನಡೆಯುತ್ತದೆ. ಲೆಕ್ಕ ಹೊಂದದಿದ್ದರೆ ಸರಾಸರಿ ದರವೋ ಇನ್ನೊಂದೋ ಎಂದು ವಿಧಾನ ಬದಲಿಸಲು ಹೊರಡುತ್ತಾರೆ. ತೂಕ ಸರಿಯಿಲ್ಲದ ಕಡೆ ಯಾವ ವಿಧಾನವೂ ಕೈ ಹಿಡಿಯುವುದಿಲ್ಲ.

ಬೇರೆ ಹೇಳದ ಕಡೆಯೆಲ್ಲ ಕೆಳಗಿನ ಪರೀಕ್ಷೆಗಳನ್ನು ಬರೆದಿರುವ ಕ್ರಮದಲ್ಲಿಯೇ ಮಾಡಿ. ಉದಾಹರಣೆಗೆ ದಿನಕ್ಕೆ 100 ಟನ್, ಅಂದರೆ 1,000 ಕ್ವಿಂಟಲ್ ಗೋಧಿ ಅರೆಯುವ ಒಂದು ಗಿರಣಿಯನ್ನು ಇಟ್ಟುಕೊಂಡಿದ್ದೇನೆ. ಅದರ ಅಂಕಿಗಳು ಲೆಕ್ಕ ತೋರಿಸುವುದಕ್ಕಾಗಿ ನಾನು ಇಟ್ಟವು. ನಿಮ್ಮ ಗಿರಣಿಯ ಅಂಕಿಗಳನ್ನು ಆ ಜಾಗದಲ್ಲಿ ಹಾಕಿಕೊಳ್ಳಿ.

ಮೊದಲ ಪರೀಕ್ಷೆ: ಒಣ ತೂಕ ಹೊಂದುತ್ತದೆಯೇ?

ಹಿಟ್ಟಿನ ಗಿರಣಿಯ ಲೆಕ್ಕ ಬಟ್ಟೆ ಅಂಗಡಿಯ ಲೆಕ್ಕದ ಹಾಗಲ್ಲ. ನಾವು ಸರಕಿಗೆ ನೀರು ಸೇರಿಸುತ್ತೇವೆ. ಬಂದ ಗೋಧಿಯಲ್ಲಿ ಸುಮಾರು ಒಂಬತ್ತರಿಂದ ಹನ್ನೊಂದು ಶೇಕಡಾ ತೇವಾಂಶ ಇರುತ್ತದೆ. ಹೊಟ್ಟು ಚೂರಾಗದೆ ಹಾಳೆಯಂತೆ ಬಿಡಿಸಿಕೊಳ್ಳಲಿ, ಒಳಗಿನ ತಿರುಳು ಮೆದುವಾಗಲಿ ಎಂದು ಅದಕ್ಕೆ ನೀರು ಕೊಟ್ಟು, ಟೆಂಪರಿಂಗ್ ಬಿನ್ನುಗಳಲ್ಲಿ ಹಲವು ಗಂಟೆ ನೆನೆಯಲು ಬಿಟ್ಟು, ಶೇಕಡಾ 16ರ ಆಸುಪಾಸಿಗೆ ತಂದು ರೋಲಿಗೆ ಬಿಡುತ್ತೇವೆ. ಅರೆಯುವಾಗಿನ ಬಿಸಿಗೆ, ಹಿಟ್ಟನ್ನು ಮೇಲೆತ್ತುವ ಗಾಳಿಗೆ ಅದರಲ್ಲಿ ಒಂದಷ್ಟು ಆರಿಹೋಗುತ್ತದೆ. ಉಳಿದದ್ದು ಮೈದಾದಲ್ಲಿ, ರವೆಯಲ್ಲಿ, ಬೂಸಾದಲ್ಲಿ ಸೇರಿ ಮಾರಾಟವಾಗುತ್ತದೆ.

ಹೀಗಾಗಿ ಒಳಗೆ ಹೋದ ಗೋಧಿಯ ತೂಕವನ್ನೂ ಹೊರಗೆ ಬಂದ ಸರಕಿನ ತೂಕವನ್ನೂ ನೇರವಾಗಿ ಹೋಲಿಸಬಾರದು. ಹೋಲಿಸಬೇಕಾದದ್ದು ನೀರನ್ನು ಕಳೆದ ಒಣ ತೂಕವನ್ನು. ಒಂದು ದಿನದ ಲೆಕ್ಕ ಹೀಗೆ ಸಾಗುತ್ತದೆ.

ಲಾರಿ ತೂಗುವ ವೇಬ್ರಿಡ್ಜ್ ಪ್ರಕಾರ ಗೋಧಿ 1,000 ಕ್ವಿಂಟಲ್, ತೇವಾಂಶ ಶೇಕಡಾ 10.5. ಕಲ್ಲು, ಮಣ್ಣು, ಜೊಳ್ಳು, ಬೇರೆ ಕಾಳು ಎಂದು ಸ್ವಚ್ಛತೆಯಲ್ಲಿ ಹೋದದ್ದು 15 ಕ್ವಿಂಟಲ್. ಉಳಿದ ಶುದ್ಧ ಗೋಧಿ 985 ಕ್ವಿಂಟಲ್. ಅದರ ಒಣ ತೂಕ 985ರ ಶೇಕಡಾ 89.5, ಅಂದರೆ 881.6 ಕ್ವಿಂಟಲ್. ಇನ್ನು ಹೊರಗೆ ಬಂದ ಸರಕು: ಮೈದಾ 560 ಕ್ವಿಂಟಲ್, ತೇವಾಂಶ 13.6, ಒಣ ತೂಕ 483.8. ರವೆ 100 ಕ್ವಿಂಟಲ್, ತೇವಾಂಶ 13.8, ಒಣ ತೂಕ 86.2. ಆಟಾ 90 ಕ್ವಿಂಟಲ್, ತೇವಾಂಶ 13, ಒಣ ತೂಕ 78.3. ಬೂಸಾ 258 ಕ್ವಿಂಟಲ್, ತೇವಾಂಶ 13, ಒಣ ತೂಕ 224.5.

ಹೊರಗೆ ಬಂದ ಒಟ್ಟು ತೂಕ 1,008 ಕ್ವಿಂಟಲ್. ಸಾವಿರ ಹೋಗಿ ಸಾವಿರದ ಎಂಟು ಬಂತು, ಒಂದು ಕಾಳೂ ಪೋಲಾಗಿಲ್ಲ ಎಂದು ಎಲ್ಲರೂ ಸಮಾಧಾನಪಡುತ್ತಾರೆ. ಒಣ ತೂಕ ಕೂಡಿಸಿ ನೋಡಿ: 872.8. ಹೋದದ್ದು 881.6. ಸುಮಾರು 8.8 ಕ್ವಿಂಟಲ್ ಒಣ ಸರಕು ಕಾಣುತ್ತಿಲ್ಲ. ಗೋಧಿಗೆ ತಿರುಗಿಸಿದರೆ ಅದು 9.8 ಕ್ವಿಂಟಲ್. ಕ್ವಿಂಟಲಿಗೆ 2,800 ರೂಪಾಯಿ ಎಂದರೆ ದಿನಕ್ಕೆ 27,000 ರೂಪಾಯಿ ಮೀರುತ್ತದೆ. ತಿಂಗಳಿಗೆ 25 ದಿನ ಗಿರಣಿ ನಡೆದರೆ ಆರೂಮುಕ್ಕಾಲು ಲಕ್ಷಕ್ಕೂ ಹೆಚ್ಚು. ನಾವು ಹಾಕಿದ ನೀರಿನ ತೂಕವೇ ಈ ನಷ್ಟವನ್ನು ಮುಚ್ಚಿಟ್ಟಿತ್ತು.

ನಾನು ಈ ಲೆಕ್ಕವನ್ನು ಕಲಿತದ್ದು ಯಾವ ಲೆಕ್ಕಪತ್ರದ ಪುಸ್ತಕದಿಂದಲೂ ಅಲ್ಲ. ನಮ್ಮ ಹಿರಿಯ ಮಿಲ್ಲರ್ ಒಂದು ಸಂಜೆ ನನ್ನನ್ನು ಟೆಂಪರಿಂಗ್ ಬಿನ್ನಿನ ಕೆಳಗೆ ಕರೆದುಕೊಂಡು ಹೋಗಿ, ನೆನೆದ ಗೋಧಿಯನ್ನು ನನ್ನ ಅಂಗೈಗೆ ಹಾಕಿ, "ನಿಮ್ಮ ಪುಸ್ತಕದಲ್ಲಿ ಇದರ ನೀರು ಎಲ್ಲಿದೆ ಸಾರ್, ತೋರಿಸಿ" ಎಂದರು. ತೋರಿಸಲು ನನ್ನ ಬಳಿ ಏನೂ ಇರಲಿಲ್ಲ. ಮರುದಿನದಿಂದ ದಿನವಹಿಯಲ್ಲಿ ತೇವಾಂಶಕ್ಕೆ ಒಂದು ಕಾಲಂ ಸೇರಿತು. ನನ್ನ ಮಟ್ಟಿಗೆ ದಾಸ್ತಾನು ಲೆಕ್ಕ ಶುರುವಾದದ್ದು ಅಂದೇ.

ಒಣ ತೂಕದಲ್ಲಿ ಎಷ್ಟು ಕೊರತೆ ಸಹಜ? ಧೂಳಾಗಿ ಹೋಗುವುದು, ನೆಲಕ್ಕೆ ಚೆಲ್ಲುವುದು ಇದ್ದೇ ಇರುತ್ತದೆ. ಹೊರಗಿನವರ ಅಂಕಿಯನ್ನು ನೆಚ್ಚಬೇಡಿ. ನಿಮ್ಮದೇ ಗಿರಣಿಯ ಆರು ತಿಂಗಳ ಒಣ ತೂಕದ ಕೊರತೆಯನ್ನು ಬರೆದಿಡಿ. ಅದೇ ನಿಮ್ಮ ಅಳತೆಗೋಲು. ಅದಕ್ಕಿಂತ ಹೆಚ್ಚಾದ ದಿನ ಎಲ್ಲೋ ಏನೋ ಆಗಿದೆ.

ಕೊರತೆ ಕಂಡಾಗ ಎಲ್ಲಿ ಹುಡುಕಬೇಕು?

ಕಳ್ಳತನ ಎಂದು ಕೂಗುವ ಮೊದಲು ತೇವಾಂಶ ಮಾಪಕವನ್ನು ಅನುಮಾನಿಸಿ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಪ್ರಾಮಾಣಿಕ ಕೆಲಸಗಾರರ ಮೇಲೆ ಸಂಶಯ ಬಂದು ಮನಸ್ಸುಗಳು ಮುರಿದುಹೋದದ್ದನ್ನು ನೋಡಿದ್ದೇನೆ. ಗೋಧಿಯ ತೇವಾಂಶವನ್ನು ಮಾಪಕ ಅರ್ಧ ಶೇಕಡಾ ಕಡಿಮೆ ತೋರಿಸಿದರೆ ಸಾಕು, 985 ಕ್ವಿಂಟಲಿನಲ್ಲಿ 4.9 ಕ್ವಿಂಟಲ್ ಒಣ ತೂಕ ಕಾಗದದ ಮೇಲೆ ಸುಮ್ಮನೆ ಹುಟ್ಟುತ್ತದೆ. ಮೇಲಿನ ಉದಾಹರಣೆಯ ಕೊರತೆಯಲ್ಲಿ ಅರ್ಧಕ್ಕಿಂತ ಹೆಚ್ಚು ಅಷ್ಟರಲ್ಲೇ ಮುಗಿಯಿತು. ಕೈಮಾಪಕದ ಅಂಕಿಯನ್ನು ವಾರಕ್ಕೊಮ್ಮೆಯಾದರೂ ಓವನ್ ಪರೀಕ್ಷೆಯೊಂದಿಗೆ ಹೋಲಿಸಿ. 130ರಿಂದ 133 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ಗಂಟೆ ಒಣಗಿಸಿ ನೋಡುವ ಆ ಪರೀಕ್ಷೆ ಹೇಗೂ ಮಾಡಬೇಕಾದದ್ದೇ: ಮೈದಾದ ತೇವಾಂಶ ಶೇಕಡಾ 14 ಮೀರಬಾರದು ಎಂಬ ಆಹಾರ ಸುರಕ್ಷತಾ ನಿಯಮವನ್ನು ಅಳೆಯುವುದೂ ಅದರಿಂದಲೇ.

ಮಾಪಕ ಸರಿಯಿದ್ದರೆ ನೀರಿನ ಮೀಟರ್ ನೋಡಿ. ಎಷ್ಟು ನೀರು ಬೇಕು ಎನ್ನುವ ಲೆಕ್ಕವನ್ನೇ ಅನೇಕರು ತಪ್ಪಾಗಿ ಮಾಡುತ್ತಾರೆ. 10.5ರಿಂದ 16ಕ್ಕೆ ಏರಿಸಲು 5.5 ಶೇಕಡಾ ಸಾಕು ಎಂದುಕೊಂಡು 985 ಕ್ವಿಂಟಲಿಗೆ 54 ಕ್ವಿಂಟಲ್ ನೀರು ಎನ್ನುತ್ತಾರೆ. ನೀರು ಸೇರಿದಂತೆ ಒಟ್ಟು ತೂಕವೂ ಏರುವುದರಿಂದ ಆ 5.5ನ್ನು 84ರಿಂದ, ಅಂದರೆ ನೂರರಲ್ಲಿ 16 ಕಳೆದು ಉಳಿದದ್ದರಿಂದ, ಭಾಗಿಸಬೇಕು. ಆಗ ಬರುವುದು 64.5 ಕ್ವಿಂಟಲ್, ಸುಮಾರು 6,450 ಲೀಟರ್. ಮೀಟರ್ ಈ ಅಂಕಿಯ ಹತ್ತಿರ ಇಲ್ಲದಿದ್ದರೆ ಮೀಟರ್ ಕೆಟ್ಟಿದೆ, ಇಲ್ಲವೇ ದಾಖಲಾದ ತೇವಾಂಶ ನಿಜವಲ್ಲ.

ಮೂರನೆಯದು ಚೀಲ ತುಂಬುವ ತಕ್ಕಡಿ. 560 ಕ್ವಿಂಟಲ್ ಮೈದಾ ಎಂದರೆ 50 ಕಿಲೋದ 1,120 ಚೀಲ. ಒಂದೊಂದರಲ್ಲೂ 100 ಗ್ರಾಂ ಹೆಚ್ಚು ಬಿದ್ದರೆ ದಿನಕ್ಕೆ 112 ಕಿಲೋ ಮೈದಾ ಪುಸ್ತಕಕ್ಕೆ ಬರದೆ ಹೊರಟುಹೋಗುತ್ತದೆ. ಚೀಲದ ತೂಕವನ್ನು ಕಳೆದಿದ್ದಾರೆಯೇ ಎಂಬುದನ್ನೂ ನೋಡಿ. ಸೆಣಬಿನ ಗೋಣಿ ಅರ್ಧ ಕಿಲೋಗಿಂತ ಹೆಚ್ಚು ತೂಗುತ್ತದೆ, ನೇಯ್ದ ಪ್ಲಾಸ್ಟಿಕ್ ಚೀಲ ನೂರು ಗ್ರಾಂ ಚಿಲ್ಲರೆ. ಗೋಣಿಗೆ ಹೊಂದಿಸಿದ ತಕ್ಕಡಿಯಲ್ಲಿ ಪ್ಲಾಸ್ಟಿಕ್ ಚೀಲ ತುಂಬಿದರೆ ಗಿರಾಕಿಗೆ ಪ್ರತಿ ಚೀಲದಲ್ಲೂ ಹಿಟ್ಟು ಪುಕ್ಕಟೆ. ಬೂಸಾವನ್ನಂತೂ ಕೆಲವೆಡೆ ಕಣ್ಣಂದಾಜಿನಲ್ಲಿ ತುಂಬಿ, ಚೀಲ ಎಣಿಸಿ, ಗೊತ್ತುಪಡಿಸಿದ ತೂಕದಿಂದ ಗುಣಿಸಿಬಿಡುತ್ತಾರೆ. ಒಣ ತೂಕದ ಕೊರತೆಯ ದೊಡ್ಡ ಪಾಲು ಅಡಗಿರುವುದು ಹೆಚ್ಚಾಗಿ ಈ ಬೂಸಾ ಚೀಲಗಳಲ್ಲಿ.

ಇವೆಲ್ಲ ಸರಿಯಿದ್ದೂ ಕೊರತೆ ಉಳಿದರೆ ಆಗ ಗೇಟಿನ ಪುಸ್ತಕ, ಲಾರಿಯ ಖಾಲಿ ತೂಕದ ಚೀಟಿ, ರಾತ್ರಿ ಪಾಳಿಯ ಬಿಲ್ಲು ನೋಡುವುದು ನ್ಯಾಯ.

ಬಿನ್ನಿನೊಳಗಿನ ಗೋಧಿಯನ್ನು ಎಣಿಸಿದಿರಾ?

ಒಂದು ತಿಂಗಳು ಲಾಭ, ಮರು ತಿಂಗಳು ನಷ್ಟ ಎಂಬ ಲಕ್ಷಣ ಇದ್ದರೆ ನೇರವಾಗಿ ಇಲ್ಲಿಗೆ ಬನ್ನಿ. ಟೆಂಪರಿಂಗ್ ಬಿನ್ನುಗಳಲ್ಲಿ ಒಂದು ದಿನದ ಗೋಧಿ ಯಾವಾಗಲೂ ನೆನೆಯುತ್ತಿರುತ್ತದೆ. ಅದು ಗೋದಾಮಿನ ಗೋಧಿಯೂ ಅಲ್ಲ, ಹಿಟ್ಟೂ ಅಲ್ಲ. ಮಾರ್ಚ್ 31ರ ರಾತ್ರಿ ಎಣಿಕೆಗೆ ಹೋದವರು ಗೋದಾಮು ನೋಡುತ್ತಾರೆ, ಚೀಲಗಳ ಅಟ್ಟಿ ನೋಡುತ್ತಾರೆ, ಬಿನ್ನನ್ನು ಮರೆಯುತ್ತಾರೆ. ನಮ್ಮ ಉದಾಹರಣೆಯಲ್ಲಿ ಹಾಗೆ ಮರೆತದ್ದು 28 ಲಕ್ಷ ರೂಪಾಯಿಯ ಸರಕು.

ಮರೆಯದವರು ಇನ್ನೊಂದು ತಪ್ಪು ಮಾಡುತ್ತಾರೆ. ಬಿನ್ನಿನ ಅಳತೆಯಿಂದ ತೂಕ ತೆಗೆದು, ಶುದ್ಧ ಗೋಧಿ 985, ನೀರು 64.5 ಎರಡೂ ಸೇರಿ 1,049.5 ಕ್ವಿಂಟಲ್ ಎಂದು ಬರೆದು, ಅದನ್ನು ಗೋಧಿಯ ದರ 2,800ರಿಂದ ಗುಣಿಸುತ್ತಾರೆ. ಬರುವುದು 29,38,600 ರೂಪಾಯಿ. ಅಲ್ಲಿರುವುದು 28 ಲಕ್ಷದ ಗೋಧಿ ಮತ್ತು ನೀರು. 1,38,600 ರೂಪಾಯಿಯ ನೀರು ಲಾಭವಾಗಿ ಪುಸ್ತಕಕ್ಕೆ ಇಳಿಯಿತು. ತಿಂಗಳ ಆರಂಭದಲ್ಲೂ ಕೊನೆಯಲ್ಲೂ ಬಿನ್ ತುಂಬಿದ್ದರೆ ಈ ತಪ್ಪು ತನ್ನನ್ನು ತಾನೇ ಅಳಿಸಿಕೊಂಡು ಯಾರಿಗೂ ಕಾಣುವುದಿಲ್ಲ. ಹಬ್ಬಕ್ಕೋ ದುರಸ್ತಿಗೋ ಗಿರಣಿ ನಿಂತು, ಒಂದು ಕೊನೆಯಲ್ಲಿ ಬಿನ್ ಖಾಲಿ ಇದ್ದ ತಿಂಗಳು ಮಾತ್ರ ಹೊರಬೀಳುತ್ತದೆ. ಆದ್ದರಿಂದ ವಿಚಿತ್ರ ಲಾಭನಷ್ಟದ ತಿಂಗಳುಗಳನ್ನು ಗುರುತು ಹಾಕಿಕೊಂಡು, ಆ ತಿಂಗಳ ಮೊದಲ ಮತ್ತು ಕೊನೆಯ ದಿನ ಗಿರಣಿ ನಡೆಯುತ್ತಿತ್ತೇ ಎಂದು ಕೇಳಿ. ಉತ್ತರ ಅಲ್ಲೇ ಸಿಗುವುದುಂಟು.

ಪರಿಹಾರ ಸರಳ. ಬಿನ್ನಿನ ಗೋಧಿಯನ್ನು ಒಣ ತೂಕಕ್ಕೆ ಇಳಿಸಿ, ಅದಕ್ಕೆ ಎಷ್ಟು ಕೊಂಡ ಗೋಧಿ ಹಿಡಿದಿತ್ತೋ ಅಷ್ಟರ ಬೆಲೆ ಕಟ್ಟಿ. ಸ್ವಚ್ಛಗೊಳಿಸಿ ನೀರು ಕೊಡುವವರೆಗಿನ ಖರ್ಚು ಸೇರಿಸಿ. ಅದಕ್ಕಿಂತ ಮುಂದಿನ ಅರೆಯುವ ಖರ್ಚು ಬೇಡ.

ಬೂಸಾಕ್ಕೆ ಯಾವ ಬೆಲೆ?

ತೂಕ ಹೊಂದಿದ ಮೇಲೆ ಬೆಲೆಗೆ ಬರೋಣ. ಗಿರಣಿಯಲ್ಲಿ ಬೆಲೆಯ ತಪ್ಪು ಎಂದರೆ ಹತ್ತಕ್ಕೆ ಎಂಟು ಸಲ ಬೂಸಾದ ತಪ್ಪು.

ಮೇಲಿನ ದಿನದ ಖರ್ಚನ್ನೇ ತೆಗೆದುಕೊಳ್ಳಿ. ಗೋಧಿ 28 ಲಕ್ಷ, ವಿದ್ಯುತ್ತು, ಕೂಲಿ, ಯಂತ್ರದ ಸವಕಳಿ ಸೇರಿ ಅರೆಯುವ ಖರ್ಚು 1.5 ಲಕ್ಷ, ಒಟ್ಟು 29,50,000. ಒಂದೇ ಗೋಧಿಯಿಂದ, ಒಂದೇ ಖರ್ಚಿನಲ್ಲಿ ನಾಲ್ಕು ಸರಕು ಬಂದಿವೆ. ಈ ಹಣದಲ್ಲಿ ಮೈದಾದ ಪಾಲೆಷ್ಟು, ಬೂಸಾದ ಪಾಲೆಷ್ಟು ಎಂದು ಯಂತ್ರ ಹೇಳುವುದಿಲ್ಲ. ನಾವೇ ಹಂಚಬೇಕು. ತಪ್ಪಾಗಿ ಹಂಚುವ ದಾರಿಗಳು ಎರಡು.

ಒಂದು, ಬೂಸಾಕ್ಕೆ ಬೆಲೆಯೇ ಇಲ್ಲ ಎಂದು ಬಿಡುವುದು. ಆಗ 29,50,000ವನ್ನು ಮೈದಾ, ರವೆ, ಆಟಾ ಸೇರಿದ 750 ಕ್ವಿಂಟಲಿಗೆ ಹಂಚಿದಂತಾಗಿ ಕ್ವಿಂಟಲಿಗೆ 3,933 ಬರುತ್ತದೆ. ಬೂಸಾ ಮಾರಿದ ಹಣ "ಇತರೆ ಆದಾಯ" ಎಂಬ ಖಾತೆಯಲ್ಲಿ ಕುಳಿತಿರುತ್ತದೆ. ಮೊದಲ ಪ್ಯಾರಾದಲ್ಲಿ ಹೇಳಿದ 3,900ರ ಮೈದಾ ಬರುವುದು ಹೀಗೆ. ಈ ಅಂಕಿಯನ್ನು ನಂಬಿ ದರ ಏರಿಸಲು ಹೋಗಿ ಗಿರಾಕಿಗಳನ್ನು ಕಳೆದುಕೊಂಡ ಮಾಲೀಕರಿದ್ದಾರೆ.

ಎರಡು, ಎಲ್ಲವನ್ನೂ ಒಂದೇ ತೂಕ ಎಂದು ನೋಡುವುದು. 29,50,000ವನ್ನು 1,008ರಿಂದ ಭಾಗಿಸಿದರೆ ಕ್ವಿಂಟಲಿಗೆ 2,927. ಬೂಸಾ ಪೇಟೆಯಲ್ಲಿ 2,300ಕ್ಕೆ ಹೋಗುವಾಗ ಪುಸ್ತಕದಲ್ಲಿ 2,927 ಎಂದಿರುತ್ತದೆ. ಮೈದಾದ ಮೇಲೆ ಕ್ವಿಂಟಲಿಗೆ 273 ರೂಪಾಯಿ ಲಾಭ ಕಾಣುತ್ತದೆ. ಮೈದಾ ಬೇಗ ಮಾರಿಹೋಗಿ, ತಿಂಗಳ ಕೊನೆಗೆ 200 ಕ್ವಿಂಟಲ್ ಬೂಸಾ ಗೋದಾಮಿನಲ್ಲಿ ಉಳಿದರೆ, 1.25 ಲಕ್ಷ ರೂಪಾಯಿಯ ಹುಸಿ ಲಾಭ ಆ ಬೂಸಾ ಚೀಲಗಳಲ್ಲಿ ಅಡಗಿ ಕುಳಿತಿರುತ್ತದೆ. ಪುಸ್ತಕದಲ್ಲಿ ಲಾಭ, ಕೈಯಲ್ಲಿ ಹಣವಿಲ್ಲ ಎಂಬ ದೂರಿಗೆ ನಾನು ಕಂಡ ಮುಖ್ಯ ಕಾರಣ ಇದೇ.

ಸರಿಯಾದ ದಾರಿ ಇದು. ಬೂಸಾ ಮಾರಿದರೆ ಮಾರಾಟದ ಖರ್ಚು ಕಳೆದು ಕೈಗೆ ಬರುವ ಹಣವನ್ನು ಮೊದಲು ಒಟ್ಟು ಖರ್ಚಿನಿಂದ ಕಳೆಯಿರಿ. 258 ಕ್ವಿಂಟಲಿಗೆ 2,300ರಂತೆ 5,93,400. ಉಳಿಯುವುದು 23,56,600. ಇದನ್ನು ಮೂರು ಮುಖ್ಯ ಸರಕುಗಳಿಗೆ ಅವುಗಳ ಮಾರಾಟ ಬೆಲೆಯ ಪ್ರಮಾಣದಲ್ಲಿ ಹಂಚಿ. ಮೈದಾ 3,200, ರವೆ 3,400, ಆಟಾ 3,000 ಎಂದಿಟ್ಟರೆ ಒಟ್ಟು ಮಾರಾಟ ಮೌಲ್ಯ 24,02,000. ಹಾಗಾಗಿ ಪ್ರತಿ ಸರಕಿನ ಅಸಲು ಅದರ ಮಾರಾಟ ಬೆಲೆಯ ಶೇಕಡಾ 98.1. ಮೈದಾ 3,140, ರವೆ 3,336, ಆಟಾ 2,943. ಲಾಭ ತೆಳುವಾಗಿದೆ, ಆದರೆ ಅದು ನಿಜವಾದ ಲಾಭ. ಸ್ವಚ್ಛತೆಯಲ್ಲಿ ಹೋದ ಜೊಳ್ಳನ್ನು ಮಾರಿದ ಹಣವನ್ನೂ ಬೂಸಾದಂತೆಯೇ ಕಳೆಯಬೇಕು. ಲೆಕ್ಕ ಉದ್ದವಾಗದಿರಲಿ ಎಂದು ಇಲ್ಲಿ ಬಿಟ್ಟಿದ್ದೇನೆ.

ಇಲ್ಲಿ ಲೆಕ್ಕಪರಿಶೋಧಕರು ಒಂದು ಒಳ್ಳೆಯ ಪ್ರಶ್ನೆ ಎತ್ತುತ್ತಾರೆ. ದಾಸ್ತಾನು ಕುರಿತ ಲೆಕ್ಕಪತ್ರ ಮಾನದಂಡ 2 ಉಪ ಉತ್ಪನ್ನವನ್ನು ಹೀಗೆ ಕಳೆಯಲು ಹೇಳುವುದು ಅದರ ಬೆಲೆ ಗಣನೀಯವಲ್ಲದಿದ್ದಾಗ. ಒಟ್ಟು ಮಾರಾಟದಲ್ಲಿ ಬೂಸಾದ ಪಾಲು ಹತ್ತಿರ ಹತ್ತಿರ ಶೇಕಡಾ 20 ಇರುವಾಗ ಅದನ್ನು ಉಪ ಉತ್ಪನ್ನ ಎನ್ನಬಹುದೇ? ಬೂಸಾವನ್ನೂ ಜಂಟಿ ಉತ್ಪನ್ನ, ಅಂದರೆ ಮೈದಾದಂತೆಯೇ ಒಂದು ಮುಖ್ಯ ಸರಕು ಎಂದುಕೊಂಡು ನಾಲ್ಕಕ್ಕೂ ಮಾರಾಟ ಬೆಲೆಯ ಪ್ರಮಾಣದಲ್ಲಿ ಹಂಚಿ ನೋಡಿದೆ. ಮೈದಾ 3,140ರ ಬದಲು 3,152, ಬೂಸಾ 2,265. ಮೈದಾದಲ್ಲಿ ವ್ಯತ್ಯಾಸ ಕ್ವಿಂಟಲಿಗೆ 12 ರೂಪಾಯಿ. ಯಾವುದನ್ನು ಬೇಕಾದರೂ ಹಿಡಿಯಿರಿ, ನಿಮ್ಮ ಪರಿಶೋಧಕರೊಂದಿಗೆ ಮಾತಾಡಿಕೊಂಡು ಹಿಡಿಯಿರಿ, ಆದರೆ ತಿಂಗಳಿಗೊಂದು ವಿಧಾನ ಬೇಡ. ಮಾನದಂಡ ಬಯಸುವುದೂ ತರ್ಕಬದ್ಧವಾದ, ಸದಾ ಒಂದೇ ರೀತಿಯ ಹಂಚಿಕೆಯನ್ನು.

ಬೂಸಾದ ದರ ಹಸಿರು ಮೇವಿನೊಂದಿಗೆ ಏರಿಳಿಯುತ್ತದೆ ಎಂಬುದನ್ನೂ ಮರೆಯಬೇಡಿ. ಬೇಸಿಗೆಯಲ್ಲಿ ಮೇವು ಇಲ್ಲದಾಗ ಹಾಲು ಕರೆಯುವ ಮನೆಗಳಿಗೆ ಬೂಸಾ ಬೇಕೇ ಬೇಕು. ಮಳೆ ಬಿದ್ದು ಬದುವಿನಲ್ಲಿ ಹುಲ್ಲು ಚಿಗುರಿದ ಮೇಲೆ ಬೇಡಿಕೆ ಕುಸಿಯುತ್ತದೆ. ಬೂಸಾ ಕ್ವಿಂಟಲಿಗೆ 300 ರೂಪಾಯಿ ಇಳಿದರೆ, ಗೋಧಿಯ ದರ ಒಂದು ಪೈಸೆಯೂ ಕದಲದೆ, ಮೈದಾದ ಅಸಲು ಕ್ವಿಂಟಲಿಗೆ 103 ರೂಪಾಯಿ, ಅಂದರೆ 50 ಕಿಲೋ ಚೀಲಕ್ಕೆ 51 ರೂಪಾಯಿಗೂ ಹೆಚ್ಚು ಏರುತ್ತದೆ. ಮೈದಾದ ಅಸಲು ಕಾರಣವಿಲ್ಲದೆ ಏರಿತು ಎಂಬ ದೂರು ಮಳೆಗಾಲದಲ್ಲಿ ಬಂದರೆ ಹಂಚಿಕೆಯಲ್ಲಿ ದೋಷ ಹುಡುಕಬೇಡಿ, ಬೂಸಾದ ಮಾರಾಟ ಪುಸ್ತಕ ನೋಡಿ. ಕಳೆಯುವಾಗ ಕಳೆದ ತಿಂಗಳ ಬೂಸಾ ದರ ಹಾಕಿದ್ದಾರೆಯೇ ಎಂದೂ ನೋಡಿ. ಈ ತಪ್ಪು ಬಹಳ ಕಡೆ ಇದೆ.

ಕೊಂಡ ಗೋಧಿಯ ಬೆಲೆ

ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶಗಳಿಂದ ಗೋಧಿ ತರಿಸುವ ನಮ್ಮ ಕಡೆಯ ಗಿರಣಿಗಳಲ್ಲಿ ಲಾರಿ ಬಾಡಿಗೆ ಸಣ್ಣ ಮೊತ್ತವಲ್ಲ. ಆ ಬಾಡಿಗೆ, ದಲಾಲಿ, ಮಾರುಕಟ್ಟೆ ಸೆಸ್, ಇಳಿಸುವ ಹಮಾಲಿ ಎಲ್ಲವೂ ಗೋಧಿಯ ಅಸಲಿಗೇ ಸೇರಬೇಕು. ಬಾಡಿಗೆಯನ್ನು ತಿಂಗಳ ಖರ್ಚಿಗೆ ಬರೆದರೆ, ಏಪ್ರಿಲ್, ಮೇ ತಿಂಗಳ ಸುಗ್ಗಿಯಲ್ಲಿ ಗೋದಾಮು ತುಂಬಿಸಿಕೊಳ್ಳುವಾಗ ದೊಡ್ಡ ನಷ್ಟವೂ, ಆ ಗೋಧಿ ಅರೆಯುವ ತಿಂಗಳುಗಳಲ್ಲಿ ಚೆಂದದ ಲಾಭವೂ ಕಾಣುತ್ತವೆ. ಎರಡೂ ಸುಳ್ಳು. ದಾರಿಯಲ್ಲಿನ ಸಹಜ ತೂಕದ ಕೊರತೆಯನ್ನು ಬೇರೆ ನಷ್ಟ ಎಂದು ಬರೆಯದೆ, ಬಂದು ತಲುಪಿದ ತೂಕದಿಂದಲೇ ಒಟ್ಟು ಬೆಲೆಯನ್ನು ಭಾಗಿಸಿ. ಖಾಲಿ ಗೋಣಿ ಮಾರಿದ ಹಣವನ್ನು ಗೋಧಿಯ ಬೆಲೆಯಿಂದ ಕಳೆಯಿರಿ.

ಸುಗ್ಗಿಯಲ್ಲಿ ಕೊಂಡು ಮುಂದಿನ ಚಳಿಗಾಲದವರೆಗೆ ಇಟ್ಟ ಗೋಧಿಗೆ ಬ್ಯಾಂಕಿನ ಬಡ್ಡಿ, ಗೋದಾಮಿನ ಬಾಡಿಗೆ ಬೀಳುತ್ತವೆ. ಇವು ದಾಸ್ತಾನಿನ ಬೆಲೆಗೆ ಸೇರುವುದಿಲ್ಲ. ಆದರೆ ಈಗ ಕೊಳ್ಳಬೇಕೇ, ಆಮೇಲೆ ಕೊಳ್ಳಬೇಕೇ ಎಂಬ ತೀರ್ಮಾನಕ್ಕೆ ಇವು ಬೇಕೇ ಬೇಕು. ಅದಕ್ಕೆ ಬೇರೆ ಹಾಳೆ ಇಟ್ಟುಕೊಳ್ಳಿ.

ಒಣ ತೂಕದ ಕಣ್ಣಿನಿಂದ ನೋಡಿದರೆ ಖರೀದಿಯೂ ಬೇರೆಯಾಗಿ ಕಾಣುತ್ತದೆ. ಶೇಕಡಾ 9 ತೇವಾಂಶದ ಗೋಧಿ 2,800ಕ್ಕೆ, 11 ತೇವಾಂಶದ ಗೋಧಿ 2,750ಕ್ಕೆ ಸಿಕ್ಕರೆ ಯಾವುದು ಅಗ್ಗ? ಒಣ ಕ್ವಿಂಟಲಿಗೆ ಮೊದಲನೆಯದು 3,077, ಎರಡನೆಯದು 3,090. ಐವತ್ತು ರೂಪಾಯಿ ಕಡಿಮೆ ಕೊಟ್ಟು ತಂದದ್ದೇ ದುಬಾರಿ.

ಮೊದಲು ಬಂದದ್ದು ಮೊದಲು ಹೋಯಿತು ಎನ್ನಬೇಕೇ, ಸರಾಸರಿ ದರ ಹಿಡಿಯಬೇಕೇ? ಮಾನದಂಡ ಎರಡನ್ನೂ ಒಪ್ಪುತ್ತದೆ; ಕೊನೆಗೆ ಬಂದದ್ದು ಮೊದಲು ಹೋಯಿತು ಎನ್ನುವುದನ್ನು ಒಪ್ಪುವುದಿಲ್ಲ. ನನ್ನ ಮತ ಸರಾಸರಿಯ ಕಡೆಗೆ, ಅದಕ್ಕೆ ಕಾರಣ ಸೈಲೋ, ಅಂದರೆ ಗೋಧಿ ತುಂಬಿಡುವ ದೊಡ್ಡ ಕಣಜ. ಚಪ್ಪಟೆ ತಳದ ಸೈಲೋದಲ್ಲಿ ಕೆಳಗಿನ ಬಾಯಿ ತೆರೆದಾಗ ಕಾಳು ನಡುವಿನಿಂದ ಆಲಿಕೆಯಂತೆ ಕುಸಿದು, ಮೇಲಿನದು ಮೊದಲು ಹೊರಬರುತ್ತದೆ. ಅದರ ಮೇಲೆ ಮಿಲ್ಲರ್ ಎರಡು ಮೂರು ಲಾಟಿನ ಗೋಧಿಯನ್ನು ಗುಣಕ್ಕೆ ತಕ್ಕಂತೆ ಬೆರೆಸುತ್ತಾರೆ. ಇಂಥ ಕಡೆ ಯಾವ ಲಾರಿಯ ಗೋಧಿ ಯಾವ ಚೀಲದ ಮೈದಾ ಆಯಿತು ಎಂದು ಹುಡುಕುವುದು ವ್ಯರ್ಥ.

ಸರಾಸರಿ ದರವೇ ಹುಚ್ಚುಹುಚ್ಚಾಗಿ ಜಿಗಿಯುತ್ತಿದ್ದರೆ ಲೆಕ್ಕದ ತಂತ್ರಾಂಶದಲ್ಲಿ ದಿನವಹಿ ದಾಸ್ತಾನು ತೆರೆದು, ಯಾವ ದಿನವಾದರೂ ಶಿಲ್ಕು ಸೊನ್ನೆಗಿಂತ ಕೆಳಗೆ ಹೋಗಿದೆಯೇ ನೋಡಿ. ಮಾರಾಟದ ಬಿಲ್ಲು ಬೆಳಿಗ್ಗೆಯೇ ಏರಿಸಿ, ಉತ್ಪಾದನೆಯನ್ನು ಎರಡು ದಿನ ಬಿಟ್ಟು ಬರೆಯುವ ಕಡೆ ಹೀಗಾಗುತ್ತದೆ. ಇಲ್ಲದ ಸರಕನ್ನು ಮಾರಿದಂತೆ ತಂತ್ರಾಂಶ ಭಾವಿಸುತ್ತದೆ, ಮುಂದಿನ ದರವೆಲ್ಲ ಕೆಡುತ್ತದೆ. ತಾರೀಕುಗಳನ್ನು ಸರಿಪಡಿಸಿದರೆ ದರವೂ ಸರಿಹೋಗುತ್ತದೆ.

ಗಿರಣಿ ನಿಂತ ತಿಂಗಳು, ಚೀಲ, ಚಕ್ಕಿ

ಉಳಿದವು ಚಿಕ್ಕ ದೋಷಗಳು. ಗಿರಣಿ ಅರ್ಧ ತಿಂಗಳು ನಿಂತಾಗ ಅರೆಯುವ ಖರ್ಚು ಕ್ವಿಂಟಲಿಗೆ ದುಪ್ಪಟ್ಟಾದಂತೆ ಕಂಡರೆ, ಸ್ಥಿರ ಖರ್ಚನ್ನು ನಡೆದಷ್ಟು ಉತ್ಪಾದನೆಗೆ ಹಂಚಿದ್ದಾರೆ ಎಂದರ್ಥ. ಸಾಮಾನ್ಯ ಸಾಮರ್ಥ್ಯಕ್ಕೆ ಹಂಚಬೇಕು. ತಿಂಗಳಿಗೆ 10 ಲಕ್ಷ ಸ್ಥಿರ ಖರ್ಚು, ಸಾಮಾನ್ಯವಾಗಿ 25,000 ಕ್ವಿಂಟಲ್ ಅರೆಯುವ ಗಿರಣಿ ಎಂದರೆ ಕ್ವಿಂಟಲಿಗೆ 40 ರೂಪಾಯಿ. ಈ ತಿಂಗಳು 10,000 ಕ್ವಿಂಟಲ್ ಮಾತ್ರ ಅರೆದಿದ್ದರೆ ಹಿಟ್ಟಿನ ಅಸಲಿಗೆ 4 ಲಕ್ಷ, ಉಳಿದ 6 ಲಕ್ಷ ನೇರವಾಗಿ ಆ ತಿಂಗಳ ನಷ್ಟಕ್ಕೆ.

ಅಚ್ಚು ಹಾಕಿದ ಖಾಲಿ ಚೀಲ ಬೇರೆಯೇ ದಾಸ್ತಾನು. ತುಂಬಿದ ಮೇಲೆ ಮಾತ್ರ ಹಿಟ್ಟಿನ ಅಸಲಿಗೆ ಸೇರಲಿ. 2022ರ ಜುಲೈ 18ರಿಂದ 25 ಕಿಲೋವರೆಗಿನ, ಮುದ್ರಿತ ಪೊಟ್ಟಣದ ಹಿಟ್ಟಿಗೆ ಜಿಎಸ್‌ಟಿ ಬಂದಿತು, ಅದಕ್ಕಿಂತ ದೊಡ್ಡ ಚೀಲಕ್ಕೆ ಬರಲಿಲ್ಲ. ತೆರಿಗೆ ಇಲ್ಲದ ಸರಕಿಗೆ ಬಳಸಿದ ಚೀಲದ ಮೇಲೆ ಕಟ್ಟಿದ ತೆರಿಗೆ ನಮಗೆ ಮರಳಿ ಸಿಗುವುದಿಲ್ಲ, ಹಾಗಾಗಿ ಅದು ಅಸಲಿನ ಭಾಗ. ಐದು ಕಿಲೋ ಪೊಟ್ಟಣಕ್ಕೂ ಐವತ್ತು ಕಿಲೋ ಚೀಲಕ್ಕೂ ಒಂದೇ ಚೀಲದ ಖಾತೆ ಇದ್ದರೆ ಎರಡರ ಅಸಲೂ ತಪ್ಪು.

ಅದೇ ಆವರಣದಲ್ಲಿ ಚಕ್ಕಿ ಆಟಾ ಮಾಡುವವರು ಅದರ ಗೋಧಿಯನ್ನು ರೋಲರಿನ ಗೋಧಿಯೊಂದಿಗೆ ಸೇರಿಸಬಾರದು. ಚಕ್ಕಿಯಲ್ಲಿ ಬಹುಪಾಲು ಇಡೀ ಕಾಳೇ ಹಿಟ್ಟಾಗುತ್ತದೆ, ಹಂಚಲು ದೊಡ್ಡ ಬೂಸಾ ಇರುವುದಿಲ್ಲ, ಕಲ್ಲಿನ ಬಿಸಿಗೆ ತೇವ ಹೆಚ್ಚು ಆರುತ್ತದೆ. ಎರಡನ್ನೂ ಕೂಡಿಸಿದರೆ ರೋಲರಿನ ಆಟಾ ಮತ್ತು ಚಕ್ಕಿ ಆಟಾ ಒಂದೇ ಬೆಲೆಗೆ ಬಂದು ನಿಲ್ಲುತ್ತವೆ.

ಕೊನೆಯ ಪರೀಕ್ಷೆ: ಮಾರುವ ಬೆಲೆ

ಇಷ್ಟೆಲ್ಲ ಸರಿಪಡಿಸಿದ ಮೇಲೂ ಉಳಿದ ಸರಕಿನ ಅಸಲು, ಅದನ್ನು ಮಾರಿದರೆ ಖರ್ಚು ಕಳೆದು ಬರುವ ಹಣಕ್ಕಿಂತ ಹೆಚ್ಚಿದ್ದರೆ, ದಾಸ್ತಾನನ್ನು ಆ ಕಡಿಮೆ ಬೆಲೆಗೇ ಇಳಿಸಬೇಕು. ಹುಳು ಬಿದ್ದ ರವೆ, ಗಂಟುಗಟ್ಟಿದ ಮೈದಾ, ವಾಪಸು ಬಂದ ಚೀಲಗಳಲ್ಲಿ ಇದನ್ನು ಒಂದೊಂದಾಗಿ ನೋಡಿ. ವಾಪಸು ಬಂದ ಸರಕನ್ನು ಮಾರಿದ ದರದಲ್ಲಿಯೇ ದಾಸ್ತಾನಿಗೆ ಸೇರಿಸಿರುತ್ತಾರೆ, ಅದನ್ನು ತೆಗೆಯಿರಿ. ಗೋಧಿಯ ಪೇಟೆ ಬಿದ್ದಿದೆ ಎಂದು ಗೋದಾಮಿನ ಗೋಧಿಯನ್ನು ಇಳಿಸಲು ಅವಸರ ಬೇಡ. ಅದರಿಂದ ಬರುವ ಹಿಟ್ಟು, ರವೆ, ಬೂಸಾ ಒಟ್ಟಾಗಿ ಅಸಲು ಗಿಟ್ಟಿಸುವಂತಿದ್ದರೆ ಗೋಧಿ ತನ್ನ ಕೊಂಡ ಬೆಲೆಯಲ್ಲಿಯೇ ಇರಬಹುದು.

ದೋಷ ಸಿಕ್ಕಿತೇ ಎಂದು ತಿಳಿಯಲು ಮೂರು ದಿನ ಸಾಕು. ಗೋಧಿ ಒಳಹೋಗುವ ಕಡೆ, ಬಿನ್ನಿನಿಂದ ಹೊರಬರುವ ಕಡೆ, ನಾಲ್ಕೂ ಸರಕಿನ ಚೀಲ ತುಂಬುವ ಕಡೆ, ಪಾಳಿಗೆ ಎರಡು ಸಲ ತೇವಾಂಶವನ್ನೂ ತೂಕವನ್ನೂ ಬರೆಯಿರಿ. ಬರೆಯುವವರು ಕಚೇರಿಯವರೊಬ್ಬರು, ಗಿರಣಿಯವರೊಬ್ಬರು ಜೊತೆಯಾಗಿ ಇರಲಿ. ಮೂರನೆಯ ದಿನದ ಸಂಜೆ ಒಣ ತೂಕ ಕೂಡಿಸಿ, ನಿಮ್ಮ ಆರು ತಿಂಗಳ ಅಳತೆಗೋಲಿನ ಪಕ್ಕದಲ್ಲಿಟ್ಟು ನೋಡಿ. ಕೊರತೆ ಅದರೊಳಗೆ ಇದ್ದರೆ ಆ ತಿಂಗಳ ಬೆಲೆಯ ಹಾಳೆಯನ್ನು ಕೈಗೆತ್ತಿಕೊಳ್ಳಿ. ಇಲ್ಲದಿದ್ದರೆ ಮತ್ತೆ ತೇವಾಂಶ ಮಾಪಕದಿಂದ ಶುರುಮಾಡಿ.